ನಾರೆಮ್ಮನ ಕುರಿಗಳಿಗೆ ಎರಡನೇ ಸೂಜಿ

ಪಶು ಆಸ್ಪತ್ರೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಕುರಿ ಮೇಕೆ ಗಾಯಕ್ಕೆ ಯಾವ ಔಷಧಿ ಚೆನ್ನಾಗಿ ಹಿಡಿಯುತ್ತೆ?" ಕುದಿಯುವ ನೀರು, ಅಂತೀನಿ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳು ಮರಳು ಎಂದು ಅವರು ಅಂದುಕೊಂಡರೂ ನನಗೆ ಬೇಸರವಿಲ್ಲ. ಅವರು ಎದ್ದು ಹೋಗುವ ಮೊದಲು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುತ್ತೂರಿನಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು, ಸೊಪ್ಪು ಕೊಯ್ದು ತರಲು ಆಳು ಬೇಕಿತ್ತು, ಆ ಆಳು ನಾನಾದೆ. ಆಮೇಲೆ ಎಪ್ಪತ್ತರ ದಶಕದಲ್ಲಿ ಪಶು ಆಸ್ಪತ್ರೆಗೆ ಜವಾನನಾಗಿ ಸೇರಿದೆ. ಅಲ್ಲಿಂದ ಮುಂದೆ ಏನೇನಾದೆ, ಯಾವ ಯಾವ ಆರ್ಡರು ಬಂತು ಅನ್ನುವುದು ಯಾರಿಗೂ ಬೇಕಾಗಿಲ್ಲ. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಮೊಣಕಾಲೂರದ ಕುರಿದೊಡ್ಡಿ ಕಡಿಮೆ. ನನ್ನ ಕೈಗೆ ಸಿಕ್ಕಿದ ಹೋತ ಕೊಸರಿಕೊಂಡು ಹೋದದ್ದನ್ನು ಯಾರೂ ನೋಡಿಲ್ಲ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಡಾಕ್ಟರ್ ರಂಗರಾಯರು. ಮುಳಬಾಗಿಲಿನವರು, ಪೂಜಾರಿಕೆಯ ಮನೆತನ. ಅವರ ಅಣ್ಣ ದೇವಸ್ಥಾನದಲ್ಲಿ ಮಂಗಳಾರತಿ ಎತ್ತುವ ಹೊತ್ತಿಗೆ ಇವರು ಯಾವುದೋ ಮೇಕೆಯ ಬಾಯೊಳಗೆ ಕೈ ಇಟ್ಟಿರುತ್ತಿದ್ದರು. ಹೋತದ ನಾತಕ್ಕೆ ನಾವೇ ಮೂಗು ಮುಚ್ಚಿಕೊಂಡರೂ ಅವರು ಮುಚ್ಚಿಕೊಳ್ಳುತ್ತಿರಲಿಲ್ಲ.

ಆಗ ನಾನು ಮಾಲೂರಿನಲ್ಲಿದ್ದೆ. ಮೊದಲನೇ ದಿನವೇ ಒಂದು ಹೋತ ಬಂತು, ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ನಾನು ಹೊಸ ಶರಟು ಹಾಕಿಕೊಂಡು ಬಂದಿದ್ದೆ, ಬಿಳಿಯದು.

"ಒತ್ತಿ ನೋಡೋ, ಮೆತ್ತಗಾಗಿದೆಯಾ?" ಅಂದರು ರಾಯರು.

ಒತ್ತಿದೆ. ಗಂಟು ಒಡೆದು ಕೀವೆಲ್ಲ ನನ್ನ ಎದೆಗೆ ಚಿಮ್ಮಿತು. ಹೋತದ ಯಜಮಾನ ನಗಲೋ ಬೇಡವೋ ಎಂದು ಆಚೆ ತಿರುಗಿಕೊಂಡ.

"ಹಣ್ಣಾಗಿತ್ತು ಅಂತ ಗೊತ್ತಾಯ್ತಲ್ಲ," ಅಂದರು ರಾಯರು, ಒಂದಿಷ್ಟೂ ನಗದೆ. ಆಮೇಲೆ ನನ್ನ ಕೈಗೆ ಸಲಿಕೆ ಕೊಟ್ಟು, ಕೀವು ಬಿದ್ದ ನೆಲವನ್ನೆಲ್ಲ ಕೆರೆಸಿ, ದೂರ ಒಯ್ದು ಸುಣ್ಣ ಹಾಕಿ ಹೂಳಿಸಿದರು. "ಇಲ್ಲಿ ನಾಳೆ ಇನ್ನೊಂದು ಮೇಕೆ ಮಲಗುತ್ತೆ. ಅದರ ಮೈಮೇಲೆ ಒಂದು ತರಚು ಇದ್ರೆ ಸಾಕು, ಇದು ಒಳಗೆ ಹೋಗುತ್ತೆ. ಕೀವು ಕಸ ಅಲ್ಲ ಕಣೋ, ಬಿತ್ತನೆ ಬೀಜ."

ರೇಷ್ಮೆ ಮನೆಯಲ್ಲಿ ಬೆಳೆದವನಾದ್ದರಿಂದ ನನಗೆ ಇದು ಬೇಗ ತಲೆಗೆ ಹೋಯಿತು. ಕಾಯಿಲೆ ಬಿದ್ದ ಒಂದು ಹುಳುವನ್ನು ಎತ್ತಿ ಹಾಕದಿದ್ದರೆ ಇಡೀ ತಟ್ಟೆ ಹೋಗುವುದನ್ನು ನೋಡಿದ್ದೆ.

ರಾಯರ ಇನ್ನೊಂದು ಗುಣ, ಹಳ್ಳಿಯವರು ಮಾಡುವುದನ್ನೆಲ್ಲ ಮೂಢತನ ಎಂದು ತಳ್ಳುತ್ತಿರಲಿಲ್ಲ. ಒಂದು ಸಲ ಕೊಂಬು ಮುರಿದ ಟಗರು ಬಂತು. ಬುಡದಲ್ಲಿ ಹುಳು ಬಿದ್ದು ಮಿಜಿಮಿಜಿ ಅನ್ನುತ್ತಿತ್ತು. ನಮ್ಮ ಟರ್ಪೆಂಟೈನ್ ಸೀಸೆ ಖಾಲಿ. ಟಗರಿನ ಯಜಮಾನನೇ ಸೀತಾಫಲದ ಎಲೆ ಅರೆದು ತಂದಿದ್ದ, ಹೇಳಲು ಹೆದರಿ ಟವೆಲಿನಲ್ಲಿ ಮುಚ್ಚಿಟ್ಟುಕೊಂಡಿದ್ದ. ರಾಯರು ಬಿಚ್ಚಿ ನೋಡಿ, "ಹಾಕೋ ಮಾರಾಯ, ನಾಚಿಕೆ ಯಾಕೆ" ಅಂದರು. ಸ್ವಲ್ಪ ಹೊತ್ತಿನಲ್ಲಿ ಹುಳುಗಳು ಒಂದೊಂದಾಗಿ ತಲೆ ಹೊರಗೆ ಹಾಕಿದವು. ನಾನು ಚಿಮುಟದಲ್ಲಿ ಎತ್ತಿ ಎತ್ತಿ ಡಬ್ಬಕ್ಕೆ ಹಾಕಿದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗಾಯವನ್ನು ನೋಡಿ ತೀರ್ಮಾನಿಸಬೇಕು, ಹೇಳಿದವನ ಬಟ್ಟೆ ನೋಡಿ ಅಲ್ಲ. ಇದನ್ನು ನಾನು ಅವತ್ತೇ ಕಲಿತೆ ಅಂದುಕೊಂಡಿದ್ದೆ. ಪೂರ್ತಿ ಕಲಿತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಮುಳಬಾಗಿಲಿಗೆ ಬಂದ ಮೇಲೆ ಆವನಿ ಕಡೆಯ ಒಂದು ಮಂದೆಗೆ ಗೊರಸು ಕೊಳೆಯುವ ರೋಗ ಹತ್ತಿತು. ಎಲ್ಲ ಕುಂಟುತ್ತಿದ್ದವು, ಕೆಲವು ಮುಂಗಾಲು ಮಡಿಸಿ ಮೊಣಕಾಲ ಮೇಲೆ ಮೇಯುತ್ತಿದ್ದವು. ಗೊರಸು ಹೆರೆದು, ಮೈಲುತುತ್ತ ಕರಗಿಸಿದ ನೀರಿನಲ್ಲಿ ಕುರಿಗಳನ್ನು ನಡೆಸಬೇಕು. ರಾಯರು ಬೇರೆ ಊರಿಗೆ ಹೋಗಿದ್ದರು. ನಾನೊಬ್ಬನೇ, ಭಾರಿ ಉತ್ಸಾಹ. ದೊಡ್ಡಿ ಬಾಗಿಲಿಗೆ ಗುಂಡಿ ತೋಡಿಸಿ, ಗೋಣಿಚೀಲ ಹಾಸಿ, ನೀಲಿ ನೀರು ತುಂಬಿಸಿದೆ. ಗುಂಡಿ ಎರಡು ಮೊಳ ಉದ್ದವಿತ್ತು. ಮೊದಲ ಕುರಿ ನಿಂತು ನೋಡಿತು, ಹಾರಿತು. ಎರಡನೆಯದು ಹಾರಿತು. ಆಮೇಲೆ ಅಷ್ಟೂ ಕುರಿಗಳು ಅದೇ ಜಾಗದಿಂದ ಅದೇ ಎತ್ತರಕ್ಕೆ ಹಾರಿ, ಕುಂಟಿಕೊಂಡು ಆಚೆ ಹೋದವು. ಕೊನೆಯದನ್ನು ತಡೆಯಲು ಹೋಗಿ ಗುಂಡಿಯಲ್ಲಿ ಕಾಲಿಟ್ಟವನು ನಾನು.

ಆ ಮಂದೆಯ ಯಜಮಾನ ಹೇಳಿದ, "ಓಗ್ಲಿ ಬುಡಣ್ಣ, ನಿನ್ ಕಾಲ್ಗಾದ್ರೂ ರೋಗ ಬರಲ್ಲ."

ಮಾರನೇ ದಿನ ಗುಂಡಿಯನ್ನು ಎಂಟು ಮೊಳಕ್ಕೆ ಉದ್ದ ಮಾಡಿದೆವು, ಎರಡೂ ಕಡೆ ತಡಿಕೆ ನಿಲ್ಲಿಸಿದೆವು. ಕುರಿಗಳು ಗತಿಯಿಲ್ಲದೆ ನೀಲಿ ನೀರಿನಲ್ಲಿ ನಡೆದವು. ಹುಡುಗರೇ, ಇದು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ, ಬರೆದುಕೊಳ್ಳಿ: ಕುರಿ ಹಾರಲಾರದಷ್ಟು ಉದ್ದ.

ಇನ್ನು ನಾರೆಮ್ಮನ ವಿಷಯ.

ಎಂಬತ್ತರ ದಶಕ ಶುರುವಾಗಿತ್ತು. ನನಗೂ ರಾಯರಿಗೂ ಶ್ರೀನಿವಾಸಪುರಕ್ಕೆ ವರ್ಗವಾಗಿತ್ತು. ಯಲ್ದೂರಿನ ಹತ್ತಿರ ಒಂದು ಮಾವಿನ ತೋಟದಲ್ಲಿ, ಗೊಬ್ಬರಕ್ಕೆಂದು, ನಾರೆಮ್ಮ ಮತ್ತು ಅವಳ ಗಂಡ ಪಿಳ್ಳಪ್ಪ ಎಪ್ಪತ್ತು ಕುರಿಗಳ ಮಂದೆ ನಿಲ್ಲಿಸಿದ್ದರು. ಪಿಳ್ಳಪ್ಪ ಮಾತಾಡಿದ್ದನ್ನು ಕೇಳಿದವರು ಕಡಿಮೆ. ನಾರೆಮ್ಮ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಮಾತು ಅರ್ಧ ಕನ್ನಡ ಅರ್ಧ ತೆಲುಗು, ಬೈಗುಳ ಎರಡರಲ್ಲೂ ಪೂರ್ತಿ.

ಹಿಂದಿನ ವರ್ಷ ಅವಳ ಮಂದೆಗೆ ಕರುಳು ಬೇನೆ ಬಂದಿತ್ತು. ಮೊದಲ ಮಳೆ ಬಿದ್ದು ಹಸಿರು ಹುಲ್ಲು ಚಿಗುರಿದಾಗ ಕುರಿಗಳು ಆಸೆಯಿಂದ ಹೊಟ್ಟೆ ಬಿರಿಯೆ ಮೇಯುತ್ತವೆ. ಆಗ ಕರುಳಿನಲ್ಲೇ ಇರುವ ಒಂದು ಸೂಕ್ಷ್ಮ ಜೀವಿ ಹೆಚ್ಚಿಕೊಂಡು ವಿಷ ಬಿಡುತ್ತದೆ. ಸಂಜೆ ಕುಣಿಯುತ್ತಿದ್ದ ಮರಿ ಬೆಳಿಗ್ಗೆ ಕಾಲು ಸೆಟೆದು ಬಿದ್ದಿರುತ್ತದೆ. ಔಷಧಿ ತರಲು ಪುರಸೊತ್ತೇ ಇಲ್ಲ. ಹಾಗೆ ಹನ್ನೊಂದು ಹೋಗಿದ್ದವು, ಅದೂ ಚೆನ್ನಾಗಿ ಮೈ ತುಂಬಿಕೊಂಡಿದ್ದವೇ. ಇದಕ್ಕಿರುವ ದಾರಿ ಒಂದೇ, ಮಳೆಗೆ ಮುಂಚೆ ಲಸಿಕೆ. ಎರಡು ವಾರದ ಅಂತರದಲ್ಲಿ ಎರಡು ಸಲ. ರಾಯರು ಹೇಳುತ್ತಿದ್ದರು, "ಮೊದಲನೇ ಸೂಜಿ ಮೈಗೆ ಕಾಯಿಲೆಯ ಗುರುತು ಹೇಳಿಕೊಡುತ್ತೆ ಅಷ್ಟೇ. ಕಾಪಾಡೋದು ಎರಡನೇದು."

ನಾನೇ ಹೋಗಿ ನಾರೆಮ್ಮನನ್ನು ಒಪ್ಪಿಸಿದ್ದೆ. ಸೂರ್ಯ ಹುಟ್ಟುವ ಹೊತ್ತಿಗೆ ಲಸಿಕೆಯ ಸೀಸೆಗಳನ್ನು ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟುಕೊಂಡು ತೋಟಕ್ಕೆ ಹೋದೆ. ಆಗೆಲ್ಲ ಗಾಜಿನ ಸಿರಿಂಜು, ಸ್ಟೀಲಿನ ಸೂಜಿ. ಕುದಿಸಿ ಕುದಿಸಿ ಮತ್ತೆ ಬಳಸಬೇಕು, ಮೊಂಡಾದರೆ ಸಾಣೆಕಲ್ಲಿಗೆ ಉಜ್ಜಬೇಕು. ಹತ್ತು ಕುರಿಗೊಂದು ಸೂಜಿ ಬದಲಾಯಿಸಬೇಕು, ಬಳಸಿದ್ದನ್ನು ಇಪ್ಪತ್ತು ನಿಮಿಷ ಕುದಿಸಬೇಕು ಎನ್ನುವುದು ರಾಯರ ಕಟ್ಟಪ್ಪಣೆ. ನನ್ನ ಹತ್ತಿರ ಒಳ್ಳೆಯ ಸೂಜಿ ಇದ್ದದ್ದು ಮೂರು.

ನಾರೆಮ್ಮ ಮೊದಲು ಹಳೆಯ ಕುರಿಗಳನ್ನು ಹಿಡಿದುಕೊಟ್ಟಳು. ಮೂವತ್ತರವರೆಗೆ ಎಲ್ಲ ಕ್ರಮವಾಗಿ ಆಯಿತು. ಆಮೇಲೆ ಕೆರೆಯ ಕಡೆಯಿಂದ ಗಾಳಿ ಎದ್ದಿತು. ಬಳಸಿದ ಮೂರೂ ಸೂಜಿ ಕುದಿಸಲು ಆಸ್ಪತ್ರೆಯ ಸೀಮೆಎಣ್ಣೆ ಸ್ಟವ್ ಹಚ್ಚಿದೆ, ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಬಿಸಿಲು ಏರುತ್ತಿತ್ತು, ಫ್ಲಾಸ್ಕಿನ ಐಸು ಕರಗುತ್ತಿತ್ತು, ಪ್ರಾಯದ ಕುರಿಗಳು ತಡಿಕೆ ಹಾರಲು ನೋಡುತ್ತಿದ್ದವು. ನಾನು ಸೂಜಿಯನ್ನು ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದೆ. ಅದೇ ಒಂದು ಸೂಜಿಯಲ್ಲಿ ಉಳಿದ ನಲವತ್ತಕ್ಕೂ ಹಾಕಿ ಮುಗಿಸಿದೆ. ಬೆನ್ನ ಹಿಂದೆ ನಾರೆಮ್ಮ ಪ್ರತಿ ಕುರಿಗೂ ಏನೋ ಗೊಣಗುತ್ತಿದ್ದಳು. ದೇವರ ಹೆಸರೇನೋ ಹೇಳುತ್ತಿದ್ದಾಳೆ ಎಂದುಕೊಂಡು ತಿರುಗಿ ನೋಡಲಿಲ್ಲ.

ಎಂಟನೇ ದಿನ ಪಿಳ್ಳಪ್ಪ ಆಸ್ಪತ್ರೆಗೆ ಬಂದ. ಮಾತಾಡದ ಮನುಷ್ಯ ಮಾತಾಡಿದ. "ಬಾವು ಬಂದೈತೆ. ಇಪ್ಪತ್ತೆರಡಕ್ಕೆ. ಸೂಜಿ ಆಕಿದ್ ಜಾಗ್ದಾಗೇ."

ರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಎಷ್ಟು ಕುರಿಗೊಂದು ಸೂಜಿ ಬದಲಾಯಿಸಿದೆ?"

"ಹತ್ತಕ್ಕೊಂದು ಸಾರ್."

"ಎಪ್ಪತ್ತಕ್ಕೂ?"

"ಎಪ್ಪತ್ತಕ್ಕೂ ಸಾರ್."

ಇಷ್ಟು ವರ್ಷದ ಕೆಲಸದಲ್ಲಿ ನಾನು ಅವರಿಗೆ ಹೇಳಿದ ಸುಳ್ಳು ಅದೊಂದೇ. ಹಳ್ಳಿ ಹಳ್ಳಿಯಲ್ಲಿ ಮುನೆಂಕಟಪ್ಪನ ಕೈ ಶುದ್ಧ ಅನ್ನಿಸಿಕೊಂಡಿದ್ದವನು ನಾನು, ನಾಲಿಗೆ ತಾನಾಗಿ ಹಾಗೆ ಹೊರಳಿತು. ರಾಯರು ಕೆದಕಲಿಲ್ಲ. "ಸರಿ. ದಿನಾ ಹೋಗಿ ಬಾವು ನೋಡ್ಕೋ. ಇನ್ನೊಂದು ವಾರಕ್ಕೆ ಎರಡನೇ ಸೂಜಿ ಬೀಳಲೇಬೇಕು. ಮೋಡ ಕಟ್ಟುತ್ತಿದೆ. ಹುಲ್ಲು ಚಿಗುರಿದ ಮೇಲೆ ಹಾಕಿ ಪ್ರಯೋಜನ ಇಲ್ಲ. ಅವಳನ್ನ ಒಪ್ಪಿಸು."

ತೋಟಕ್ಕೆ ಹೋದರೆ ನಾರೆಮ್ಮ ದೊಡ್ಡಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ರಾವಯ್ಯಾ ರಾ, ಬಾ. ಓದ್ ವರ್ಷ ಹನ್ನೊಂದು ಓಯ್ತು, ಈ ವರ್ಷ ಎಲ್ಲಾನೂ ಕಳ್ಸೋಣ ಅಂತ ಬಂದ್ಯಾ?"

"ಅಕ್ಕಾ, ಬಾವು ಕೊಯ್ದು ತೊಳೀತೀನಿ. ಒಂದು ವಾರದಲ್ಲಿ ವಾಸಿಯಾಗುತ್ತೆ. ಆಮೇಲೆ ಎರಡನೇ ಸೂಜಿ..."

"ಸೂಜಿ ಅಂದ್ರೆ ನೋಡು! ಆ ಮಾತೇ ವದ್ದು, ಬ್ಯಾಡ. ಬಾವು ತೊಳೀ, ನಿನ್ ಪಾಪ ತೊಳ್ಕೊ, ಓಗ್ತಿರು."

ಮೂರು ದಿನ ಸೈಕಲ್ ತುಳಿದುಕೊಂಡು ಹೋದೆ. ಬಿಸಿನೀರಿನ ಕಾವು ಕೊಟ್ಟು, ಹಣ್ಣಾದ ಬಾವನ್ನು ಕೆಳಭಾಗದಲ್ಲಿ ಕೊಯ್ದು, ಕೀವನ್ನು ಡಬ್ಬಕ್ಕೆ ಹಿಂಡಿ, ಗಾಯದ ಹೊಟ್ಟೆಯನ್ನು ತೊಳೆದು, ಅಯೋಡಿನ್ನಿನಲ್ಲಿ ಅದ್ದಿದ ಬಟ್ಟೆಯ ಬತ್ತಿ ಇಟ್ಟು, ನೊಣ ಕೂರದ ಹಾಗೆ ಸುತ್ತ ಬೇವಿನೆಣ್ಣೆ ಸವರುತ್ತಿದ್ದೆ. ಮೂರನೇ ದಿನ ಒಂದು ಕುರಿಯ ಗಾಯ ತೊಳೆದು ಎದ್ದು ನಿಂತು ತಿರುಗಿದೆ. ನಾರೆಮ್ಮ ಬಗ್ಗಿ ದೊಡ್ಡಿಯ ಮಣ್ಣನ್ನು ಹೆಬ್ಬೆರಳಿಗೆ ಹಚ್ಚಿಕೊಂಡು, "ದಿಷ್ಟಿ ಓಗ್ಲಿ" ಎಂದು ಆ ಗಾಯದ ಬಾಯಿಗೇ ಒತ್ತಲು ಹೋಗುತ್ತಿದ್ದಳು. ಹಿಕ್ಕೆ, ಗಂಜಳ ಎಲ್ಲ ಬೆರೆತ ಮಣ್ಣು.

ಕೈ ಹಿಡಿದುಕೊಂಡೆ. "ಏನಕ್ಕಾ ಇದು!"

"ಒರಗ್ನವರು ಮುಟ್ಟಿದ್ ಜಾಗಕ್ಕೆ ದೊಡ್ಡಿ ಮಣ್ಣು ಇಡ್ಬೇಕು. ನಮ್ಮಮ್ಮನ ಕಾಲದಿಂದ ಇಡ್ತೀವಿ."

"ಅವತ್ತು ಸೂಜಿ ಹಾಕಿದಾಗ್ಲೂ ಇಟ್ರಾ?"

"ಇಡ್ದೇ ಬುಡ್ತೀನಾ? ಎಪ್ಪತ್ತಕ್ಕೂ ಇಟ್ಟೆ."

ನನಗೆ ಹೋದ ಜೀವ ಬಂದ ಹಾಗಾಯಿತು. ನಾನಲ್ಲ, ಇವಳು! ಮನಸ್ಸಿನಲ್ಲೇ ಕುಣಿದಾಡಿಬಿಟ್ಟೆ. ಧ್ವನಿ ಎತ್ತರಿಸಿ, ಸೂಜಿ ಹಾಕಿದ ತೂತಿಗೆ ಹಿಕ್ಕೆ ಮಣ್ಣು ಮೆತ್ತಿದರೆ ಬಾವು ಬರದೆ ಮಲ್ಲಿಗೆ ಹೂವು ಬರುತ್ತದೆಯೇ, ನನ್ನ ಸೂಜಿಗೆ ಯಾಕೆ ಬೈದಿರಿ ಎಂದು ಪಿಳ್ಳಪ್ಪನಿಗೂ ಕೇಳುವ ಹಾಗೆ ಕೂಗಾಡಿದೆ.

ನಾರೆಮ್ಮ ಕೂಗಾಡಲಿಲ್ಲ. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಂದೆಯ ಕಡೆ ತಿರುಗಿ, ನನ್ನನ್ನು ಕೇಳಿದಳು.

"ಅಂಗಾದ್ರೆ ಇದೊಂದು ಹೇಳು. ಅಗೋ, ಆ ಬೋಳುಕಿವಿ. ಮೊದಲ್ನೇದಾಗಿ ಇಡ್ಕೊಟ್ಟಿದ್ದು. ಮಣ್ಣು ಇಟ್ಟೆ. ಬಾವು ಐತಾ?"

ಇರಲಿಲ್ಲ.

"ಅದರ ಪಕ್ಕದ್ದು ಎರಡ್ನೇದು. ಆ ಹಲ್ಲುದ್ರಿದ್ದು ಮೂರ್ನೇದು. ಆ ಕರಿಮೂತಿ ನಾಕ್ನೇದು. ಐತಾ?" ಒಂದೊಂದನ್ನೇ ಬೆರಳು ತೋರಿಸುತ್ತಾ ಹೋದಳು. ಯಾವುದರ ಹಿಂದೆ ಯಾವುದನ್ನು ಹಿಡಿದುಕೊಟ್ಟಿದ್ದಳೋ ಅದೇ ವರಸೆ, ಒಂದೂ ತಪ್ಪಿಲ್ಲ. ನಮ್ಮ ಆಸ್ಪತ್ರೆಯ ರಿಜಿಸ್ಟರಿನಲ್ಲಿ 'ಕುರಿ ಎಪ್ಪತ್ತು' ಎಂದಷ್ಟೇ ಇತ್ತು. "ಹಳೇ ಕುರಿ ಮೂವತ್ತರಾಗೆ ಬಾವು ಬಂದಿರೋದು ಮೂರ್ಕೆ. ಆಮೇಲ್ ಕೊಟ್ಟಿದ್ ಪ್ರಾಯದ್ವು ನಲವತ್ತರಾಗೆ ಹತ್ತೊಂಬತ್ತು. ಮಣ್ಣು ಒಂದೇ, ಬೆರಳು ಒಂದೇ. ಏಳ್ನೇ ಕ್ಲಾಸು ಓದಿದೀನಿ ಅಂತ ಮೆರೀತೀಯಲ್ಲ, ಹೇಳಯ್ಯಾ ಮುನೆಂಕಟಪ್ಪ. ನಡುವೆ ಏನು ಬದಲಾಯ್ತು?"

ಪಿಳ್ಳಪ್ಪ ಕೋಲಿಗೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದ. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಪ್ರಾಯದ ಕುರಿಯ ಚರ್ಮ ಎಳೆಯದು ಎಂದರೆ ನಂಬುತ್ತಿದ್ದರೋ ಏನೋ. ಆದರೆ ಆಕಾಶ ನೋಡಿದೆ, ಮೋಡ ಆಂಧ್ರದ ಕಡೆಯಿಂದ ಕಪ್ಪಾಗಿ ಬರುತ್ತಿತ್ತು. ಇನ್ನೊಂದು ಸುಳ್ಳು ಹೇಳಿ ನಾನು ಗೆದ್ದರೆ ಇವಳು ಎರಡನೇ ಸೂಜಿಗೆ ಒಪ್ಪುವುದಿಲ್ಲ, ಹುಲ್ಲು ಚಿಗುರಿದ ವಾರದಲ್ಲಿ ಈ ದೊಡ್ಡಿಯಲ್ಲಿ ಎಷ್ಟು ಕಾಲು ಸೆಟೆದಿರುತ್ತವೋ.

"ಸೂಜಿ ಅಕ್ಕಾ," ಅಂದೆ. "ಮೂವತ್ತರವರೆಗೆ ಬದಲಾಯಿಸಿದೆ. ಆಮೇಲೆ ಸ್ಟವ್ ಆರಿಹೋಯ್ತು. ಕುದಿಸದೆ ಒಂದೇ ಸೂಜೀಲಿ ಎಲ್ಲಕ್ಕೂ ಹಾಕಿಬಿಟ್ಟೆ. ಒಂದರ ಮೈಯ ಕೊಳೆ ಇನ್ನೊಂದಕ್ಕೆ ಹೋಯ್ತು. ತಪ್ಪು ನಂದೇ."



"ಅಂಗ್ ಹೇಳು ಮತ್ತೆ," ಅಂದಳು ನಾರೆಮ್ಮ. "ಮೂರು ದಿನದಿಂದ ನಿನ್ ಮುಖದ ಮೇಲೇ ಬರ್ದಿತ್ತು. ಬಾಯಿಗೆ ಬರ್ಲಿ ಅಂತ ಕಾಯ್ತಿದ್ದೆ."

ನನಗೂ ಧೈರ್ಯ ಬಂತು. "ಆದರೆ ಅಕ್ಕಾ, ಆ ಮೊದಲಿನ ಮೂರು? ಅದಕ್ಕೆ ಕುದಿಸಿದ ಸೂಜೀನೇ ಹಾಕಿದ್ದು. ಅವು ಮೂರು ನಿಮ್ಮ ಮಣ್ಣಿಂದು."

ಅವಳು ಬೈಯುತ್ತಾಳೆ ಎಂದುಕೊಂಡೆ. ಪಿಳ್ಳಪ್ಪ ಗೊಳ್ಳೆಂದು ನಕ್ಕುಬಿಟ್ಟ. ಆ ಮನುಷ್ಯ ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ನಾರೆಮ್ಮ ಅವನ ಕಡೆ ಕೆಂಡದ ಕಣ್ಣು ಬಿಟ್ಟು, ಆಮೇಲೆ ಕುರಿಗಳ ಕಡೆ ನೋಡಿ ಯೋಚನೆ ಮಾಡಿದಳು. "ಮಣ್ಣು ಇಡ್ದೇ ಇರಾಕಾಗಲ್ಲ. ಬೇಕಾದ್ರೆ ಅಣೆಗೆ ಇಡ್ತೀನಿ. ದಿಷ್ಟಿ ಅಣೆ ನೋಡ್ಕಂಡೇ ತಾನೇ ಬರೋದು."

"ಹಣೆಗೆ ಎಷ್ಟು ಬೇಕಾದ್ರೂ ಇಡಿ. ಎರಡನೇ ಸೂಜಿ?"

"ನಮ್ ಮಡಕೇಲಿ, ನಮ್ ಒಲೆ ಮೇಲೆ, ನನ್ ಕಣ್ಣೆದುರಿಗೆ ಕುದೀಬೇಕು. ಕುರಿಗೊಂದು ಸೂಜಿ. ಒಪ್ಕೋತೀಯಾ?"

ಒಪ್ಪದೆ ಇನ್ನೇನು.

ಆಸ್ಪತ್ರೆಗೆ ಬಂದು ರಾಯರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಲಿಲ್ಲ. "ಅವತ್ತು ನೀನು ಸ್ಟವ್ ವಾಪಸ್ ಇಟ್ಟಾಗ್ಲೇ ನನಗೆ ಗೊತ್ತಾಯ್ತು. ಎಪ್ಪತ್ತು ಕುರಿಗೆ ಸೂಜಿ ಕುದಿಸಿದವನ ಸ್ಟವ್‌ನಲ್ಲಿ ಅಷ್ಟು ಸೀಮೆಎಣ್ಣೆ ಉಳಿಯುತ್ತಾ?"

"ಮತ್ತೆ ಯಾಕೆ ಸಾರ್ ಕೇಳ್ಲಿಲ್ಲ?"

"ಕೇಳಿದ್ನಲ್ಲ. ನೀನು ಉತ್ತರ ತರೋಕೆ ಯಲ್ದೂರಿಗೆ ಹೋಗಿ ಬರಬೇಕಾಯ್ತು." ಬೀರುವಿನಿಂದ ಇದ್ದಬದ್ದ ಸೂಜಿಗಳನ್ನೆಲ್ಲ ತೆಗೆದುಕೊಟ್ಟರು. ಕೋಲಾರದ ಆಸ್ಪತ್ರೆಗೂ ಒಂದು ಚೀಟಿ ಬರೆದರು. ಅಲ್ಲಿಂದ ಎರಡು ಡಜನ್ ಬಂತು. ಎಲ್ಲವನ್ನೂ ಒಂದು ಭಾನುವಾರ ಪೂರ್ತಿ ಕೂತು ಸಾಣೆ ಹಿಡಿದೆ.

ಎರಡನೇ ಸೂಜಿಯ ದಿನ ನಾರೆಮ್ಮ ಹೊಸ ಮಡಕೆ ತಂದಿದ್ದಳು. ಮೂರು ಕಲ್ಲಿನ ಒಲೆ, ಮಾವಿನ ಕೊಂಬೆಯ ಸೌದೆ, ಗಾಳಿಗೆ ಪಿಳ್ಳಪ್ಪನ ಕಂಬಳಿ ಮರೆ. ಸೂಜಿಗಳು ಮುಗಿದಾಗಲೆಲ್ಲ ಕೆಲಸ ನಿಲ್ಲಿಸಿ ಮತ್ತೆ ಕುದಿಸಿದೆವು. "ಇನ್ನೂ ಆಗಿಲ್ಲ, ಕೂತ್ಕೋ" ಎಂದು ಅವಳು ನನ್ನನ್ನು ಎರಡು ಸಲ ಕೂರಿಸಿದಳು. ಜ್ವರವಿದ್ದ ನಾಲ್ಕನ್ನು ಬಿಟ್ಟು, ಬಾವು ಬರದ ಪಕ್ಕಕ್ಕೆ ಎಲ್ಲಕ್ಕೂ ಬಿತ್ತು. ಆ ನಾಲ್ಕಕ್ಕೆ ನಾಲ್ಕು ದಿನ ಬಿಟ್ಟು ಹಾಕಿದೆ. ಪ್ರತಿ ಕುರಿಯ ಹಣೆಯ ಮೇಲೂ ಮಣ್ಣಿನ ಬೊಟ್ಟು. ಸಾಲಾಗಿ ಹೊರಗೆ ಹೋದಾಗ ಮದುವೆ ದಿಬ್ಬಣದ ಹಾಗೆ ಕಾಣುತ್ತಿದ್ದವು.

ಮೋಡ ನಮ್ಮ ಮೇಲೆ ಕರುಣೆ ತೋರಿಸಿತು. ಇನ್ನೂ ಹನ್ನೆರಡು ದಿನ ಬರೀ ಗುಡುಗಿ ಹೋಯಿತು. ಆಮೇಲೆ ಮಳೆ ಬಿತ್ತು, ಹುಲ್ಲು ಚಿಗುರಿತು. ಆ ವಾರ ದಿನ ಬಿಟ್ಟು ದಿನ ತೋಟಕ್ಕೆ ಹೋಗುತ್ತಿದ್ದೆ, ಯಾರೂ ಕರೆಯದಿದ್ದರೂ. ದೂರದಿಂದಲೇ ಸೈಕಲ್ ಇಳಿದು, ದೊಡ್ಡಿಯಲ್ಲಿ ಏನಾದರೂ ಮಲಗಿದೆಯೇ ಎಂದು ನೋಡಿ, ಆಮೇಲೆ ಹತ್ತಿರ ಹೋಗುತ್ತಿದ್ದೆ. ಆ ಮಳೆಗಾಲದಲ್ಲಿ ಸುತ್ತಲಿನ ಮಂದೆಗಳಲ್ಲಿ ಕರುಳು ಬೇನೆ ಬಂತು. ನಾರೆಮ್ಮನ ದೊಡ್ಡಿಯಲ್ಲಿ ಒಂದು ಮರಿಯೂ ಬೀಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾರೆಮ್ಮ ಬರಹೇಳಿ ಕಳಿಸಿದಳು. ಹೋದೆ. ತೋಟದಲ್ಲಿ ಮೂರು ಮಂದೆ ಬಂದು ನಿಂತಿದ್ದವು. ಒಲೆಯ ಮೇಲೆ ನೀರು ಆಗಲೇ ಕುದಿಯುತ್ತಿತ್ತು. ಪರವೂರಿನ ಇಬ್ಬರು ಕುರಿಗಾರರು ಕಂಬಳಿ ಹೊದ್ದು, ಕೈ ಕಟ್ಟಿಕೊಂಡು, ನನ್ನ ಚೀಲವನ್ನೇ ಅನುಮಾನದಿಂದ ನೋಡುತ್ತಿದ್ದರು. ನಾನು ಚೀಲ ಇಳಿಸಿ ಬಾಯಿ ಬಿಚ್ಚಲು ಹೋದೆ. ನಾರೆಮ್ಮ ಕೈ ಅಡ್ಡ ಹಿಡಿದಳು.

"ತಡ್ಯಯ್ಯಾ. ಮೊದ್ಲು ಇವರಿಗೆ ನಿನ್ ತಪ್ಪು ಹೇಳು. ಆಮೇಲೆ ಸೂಜಿ ತೆಗಿ."

ಹೇಳಿದೆ. ಸ್ಟವ್ ಆರಿದ್ದು, ಒಂದೇ ಸೂಜಿ, ಹತ್ತೊಂಬತ್ತು ಬಾವು, ಒಂದೂ ಬಿಡದೆ. ಅವರಲ್ಲಿ ಹಿರಿಯನು ಪೂರ್ತಿ ಕೇಳಿಸಿಕೊಂಡು, ಎದ್ದು ಮಡಕೆಯೊಳಗೆ ಇಣುಕಿ ನೋಡಿ, ತನ್ನ ಮಂದೆಯೊಳಕ್ಕೆ ಹೋಗಿ, ಮೊದಲ ಕುರಿಯನ್ನು ಹಿಡಿದು ತಂದು ನನ್ನ ಮೊಣಕಾಲ ನಡುವೆ ಇಟ್ಟ.